ಅಜ್ಜನ ಹಾಫ್ ಪ್ಲೇಟ್ ಕ್ಯಾಮೆರಾ ಮತ್ತೆ ಫೋಟೋ ಹಿಡಿಯಿತು: ನನ್ನ ಅನುಭವ

ಹೋದ ವಾರ ಜಗಲಿಯಲ್ಲಿ ಅಪ್ಪಚ್ಚಿಯನ್ನು (ಚಿಕ್ಕಪ್ಪನನ್ನು) ಕೂರಿಸಿ ಅಜ್ಜನ ಹಾಫ್ ಪ್ಲೇಟ್ ಕ್ಯಾಮೆರಾದಲ್ಲಿ, ಅಂದರೆ ಗಾಜಿನ ಪ್ಲೇಟಿನ ಮೇಲೆ ಚಿತ್ರ ಹಿಡಿಯುವ ಹಳೇ ಮರದ ಕ್ಯಾಮೆರಾದಲ್ಲಿ, ಒಂದು ಫೋಟೋ ತೆಗೆದೆ. ಅವರ ಬಿಳಿ ಗಡ್ಡದ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಬಂದಿದೆ. ಎರಡು ವರ್ಷದ ಹಿಂದೆ ಇದೇ ಅಪ್ಪಚ್ಚಿ ಈ ಕ್ಯಾಮೆರಾ ನೋಡಿ, "ಇದು ಇನ್ನು ಎಂತಕೂ ಆಗ ಮಾರಾಯಾ, ಗುಜಿರಿಗೆ ಕೊಡು" ಅಂದಿದ್ದರು. ಪೇಟೆಯ ಒಬ್ಬ ಹಳೇ ಸ್ಟುಡಿಯೋದವರು "ಶೋಕೇಸಿಗೆ ಚಂದ" ಅಂದರು. ಅವರಿಬ್ಬರಿಗೂ ನಾನು ಆವತ್ತು ಉತ್ತರ ಕೊಡಲಿಲ್ಲ. ಈಗ ನೆಗೆಟಿವ್ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ. ಡಾರ್ಕ್‌ರೂಮಿನ ಕೆಲಸ ಗೊತ್ತಿದ್ದವರಿಗಾಗಿ ಇದು. ಹೈಪೋ ಅಂದರೇನು ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ.

ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ. ಕ್ಯಾಮೆರಾ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ ಅಜ್ಜ ಬಿಳಿ ಪೇಂಟಿನಲ್ಲಿ ಬರೆದ ವಿಳಾಸ: ಕಾಸರಗೋಡು, ಸೌತ್ ಕೆನರಾ. ಅಂದರೆ 1956ಕ್ಕಿಂತ ಮೊದಲಿನದು, ಇನ್ನೂ ಕೇರಳಕ್ಕೆ ಸೇರುವ ಮುಂಚಿನದು. ಪೆಟ್ಟಿಗೆಯನ್ನು ಗೆದ್ದಲು ಮುಕ್ಕಾಲು ತಿಂದಿತ್ತು. ಕ್ಯಾಮೆರಾದ ಮರಕ್ಕೆ ಏನೂ ಆಗಿರಲಿಲ್ಲ. ಹಿತ್ತಾಳೆ ಹಸಿರುಗಟ್ಟಿತ್ತು, ಫೋಕಸ್ ನೋಡುವ ಮಬ್ಬು ಗಾಜು (ಗ್ರೌಂಡ್ ಗ್ಲಾಸ್) ಎರಡು ತುಂಡು, ಪ್ಲೇಟು ಇಡುವ ಮೂರು ಡಬಲ್ ಸ್ಲೈಡುಗಳಲ್ಲಿ ಒಂದರ ಹಿಂಜ್ ಹರಿದಿತ್ತು. ಲೆನ್ಸಿಗೂ ಪ್ಲೇಟಿಗೂ ನಡುವೆ ಮಡಿಕೆಮಡಿಕೆಯಾಗಿ ಇರುವ ಚರ್ಮದ ಬೆಲ್ಲೋಸಿನ ಗತಿ ಮಾತ್ರ ಕೆಟ್ಟದಾಗಿತ್ತು. ರಾತ್ರಿ ಒಳಗೆ ಮೊಬೈಲ್ ಟಾರ್ಚ್ ಇಟ್ಟು ನೋಡಿದರೆ ಮೂಲೆಮೂಲೆಯಲ್ಲಿ ನಕ್ಷತ್ರ.

ಮೊದಲು ತೂತು ಮುಚ್ಚಲು ನೋಡಿದೆ. ಫೆವಿಕಾಲಿಗೆ ಕಪ್ಪು ಬಣ್ಣ ಕಲಸಿ ಒಳಗಿಂದ ಹಚ್ಚಿದೆ. ಒಣಗಿದ ಮೇಲೆ ಮಡಚಿಟ್ಟೆ. ಮಳೆಗಾಲದ ತೇವಕ್ಕೆ ಮಡಿಕೆಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಚರ್ಮವೇ ಕಿತ್ತು ಬಂತು. ಇದ್ದ ಹತ್ತು ತೂತು ಐವತ್ತಾಯಿತು. ಹೊಸ ಬೆಲ್ಲೋಸ್ ಮಾಡಿಸೋಣ ಅಂತ ದೂರದ ಊರಿನ ಒಬ್ಬರನ್ನು ಕೇಳಿದರೆ ಇಪ್ಪತ್ತು ಸಾವಿರದ ಹತ್ತಿರ ಹೇಳಿದರು. ನಾನೇ ಮಾಡಿದೆ. ರೆಕ್ಸಿನ್ನು, ಡ್ರಾಯಿಂಗ್ ಶೀಟಿನ ಪಟ್ಟಿ. ಅದು ಮಡಚಿದಾಗ ನಾಲ್ಕು ಇಂಚು ದಪ್ಪ ಬಂತು, ಕ್ಯಾಮೆರಾ ಮುಚ್ಚಲಿಕ್ಕೇ ಆಗಲಿಲ್ಲ. ಆರುನೂರು ರೂಪಾಯಿ ಮತ್ತು ಎರಡು ಭಾನುವಾರ ಹೋಯಿತು.

ಆಮೇಲೆ ಒಂದು ಸಂಗತಿ ನೆನಪಾಯಿತು. ಆಲಪ್ಪುಳದಲ್ಲಿ ವಾಗೀಶ್ವರಿ ಅಂತ ಮರದ ಫೀಲ್ಡ್ ಕ್ಯಾಮೆರಾ ತಯಾರಾಗುತ್ತಿತ್ತಲ್ವಾ, ಆ ಮನೆಯವರು ಮೂಲದಲ್ಲಿ ಸಂಗೀತದ ವಾದ್ಯ ಮಾಡುವವರು. ಯಾರೋ ಸ್ಟುಡಿಯೋದವರು ಬೆಲ್ಲೋಸ್ ರಿಪೇರಿಗೆ ಕೊಟ್ಟಿದ್ದರಿಂದ ಕ್ಯಾಮೆರಾ ಕಡೆ ತಿರುಗಿದವರು. ಹಾರ್ಮೋನಿಯಂ ಒಳಗೂ ಗಾಳಿ ಊದುವ ಬೆಲ್ಲೋಸ್ ಇರುತ್ತದೆ. ಹಾಗಾದರೆ ನಮ್ಮಲ್ಲೂ ಹಾರ್ಮೋನಿಯಂ ರಿಪೇರಿಯವರ ಕೈಗೆ ಇದು ಗೊತ್ತಿರಲೇಬೇಕು. ಭಜನಾ ಮಂದಿರಗಳ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬರು ಬದಿಯಡ್ಕದ ಕಡೆ ಇದ್ದಾರೆ. ಹಳೇ ಬೆಲ್ಲೋಸನ್ನೂ ನಾನು ಮಾಡಿದ್ದನ್ನೂ ಒಯ್ದು ಅವರ ಮುಂದಿಟ್ಟೆ. ಅವರು ಮಾತಾಡಲಿಲ್ಲ. ಹಳೇದರ ಒಂದು ಮೂಲೆಯನ್ನು ನೀರಲ್ಲಿ ಒದ್ದೆ ಮಾಡಿ, ಉಗುರಿನಲ್ಲಿ ಪದರ ಬಿಡಿಸಿ, ಒಳಗಿನ ಕಾಗದದ ಪಟ್ಟಿಯನ್ನು ಬೆರಳಲ್ಲಿ ಮಡಚಿ ನೋಡಿದರು. "ನೀವು ಪಟ್ಟಿಗಳನ್ನು ಒಂದಕ್ಕೊಂದು ತಾಗಿಸಿ ಅಂಟಿಸಿದ್ದೀರಿ. ನಡುವೆ ಜಾಗ ಬೇಡವಾ ಅಣ್ಣಾ, ಅದು ಮಡಚುವುದು ಎಲ್ಲಿ?" ಅಂದರು.

ಅಷ್ಟೇ ತಪ್ಪು. ಪಟ್ಟಿ ಪಟ್ಟಿಯ ನಡುವೆ ಎರಡು ಮಿಲಿಮೀಟರ್ ಬಿಡಬೇಕು, ಮೂಲೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಹೊರಗೆ ತೆಳು ಚರ್ಮ, ಒಳಗೆ ಕಪ್ಪು ಕೊಡೆ ಬಟ್ಟೆ, ನಡುವೆ ಮದುವೆ ಕಾಗದದ ದಪ್ಪದ ಕಾರ್ಡು. ಕೊಡೆ ಬಟ್ಟೆ ನನ್ನ ಆಲೋಚನೆ. ಅದು ತೆಳು, ಮಳೆಗೆ ಹೆದರುವುದಿಲ್ಲ. ಒಂದು ಪದರದಲ್ಲಿ ಬೆಳಕು ನುಸುಳುತ್ತದೆ, ಅದಕ್ಕೆ ಎರಡು ಪದರ ಹಾಕಿದೆವು. ಅಂಟು ಮಾತ್ರ ಅವರದ್ದು ಅರ್ಧ, ನನ್ನದು ಅರ್ಧ. ಅದರ ಪಾಕ ಇಲ್ಲಿ ಬರೆಯುವುದಿಲ್ಲ. ಅವರ ಹೊಟ್ಟೆಪಾಡಿನ ವಿಷಯ. ಸಾವಿರದ ಐನೂರು ತೆಗೆದುಕೊಂಡರು, ಸಾಮಾನಿಗೆ ಐನೂರು ಚಿಲ್ಲರೆ. ಎರಡು ಮಳೆಗಾಲ ದಾಟಿದೆ, ಒಂದು ಸೂಜಿಮೊನೆ ತೂತೂ ಇಲ್ಲ.

ಗ್ರೌಂಡ್ ಗ್ಲಾಸಿಗೆ ಖರ್ಚೇ ಇಲ್ಲ. ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿಂದ ಗಾಜು, ವರ್ಕ್‌ಶಾಪಿನಿಂದ ವಾಲ್ವ್ ಉಜ್ಜುವ ಪೇಸ್ಟು. ಇನ್ನೊಂದು ಸಣ್ಣ ಗಾಜಿನ ತುಂಡಿನಿಂದ ಅರ್ಧ ಗಂಟೆ ಗೋಲಗೋಲ ಉಜ್ಜಿದರೆ ಆಯಿತು. ಒರಟು ಪೇಸ್ಟಿನಲ್ಲಿ ನಿಲ್ಲಿಸಬೇಡಿ, ನಯದ್ದನ್ನೂ ಹಾಕಿ.

ಪ್ಲೇಟು ಎಲ್ಲಿಂದ ತರುವುದು? ನಾನು ಎಕ್ಸ್‌ರೇ ಫಿಲ್ಮಿಗೆ ಹೋದೆ. ಆಸ್ಪತ್ರೆಗಳಲ್ಲಿ ಎಲ್ಲ ಡಿಜಿಟಲ್ ಆದ ಮೇಲೆ ಹುಡುಕಬೇಕು, ಆದರೂ ಸಿಗುತ್ತದೆ. 8×10 ಇಂಚಿನ ನೂರು ಹಾಳೆಯ ಪೆಟ್ಟಿಗೆಗೆ ಎರಡು ಸಾವಿರದ ಒಳಗೇ ಕೊಟ್ಟ ನೆನಪು. ಹಾಫ್ ಪ್ಲೇಟ್ ಅಂದರೆ ಆರೂವರೆ ಇಂಚು, ನಾಲ್ಕೂಮುಕ್ಕಾಲು ಇಂಚು. ಒಂದು ಹಾಳೆಯಲ್ಲಿ ಎರಡು ಬರುತ್ತದೆ. ಲೆಕ್ಕ ಹಾಕಿ, ಒಂದು ನೆಗೆಟಿವಿಗೆ ಹತ್ತು ರೂಪಾಯಿಯೂ ಇಲ್ಲ.

ಗಾಜಿನ ಪ್ಲೇಟಿಗೆ ಮಾಡಿದ ಸ್ಲೈಡಿನಲ್ಲಿ ಫಿಲ್ಮು ಸುಮ್ನೆ ನಿಲ್ಲುವುದಿಲ್ಲ. ಫಿಲ್ಮಿನ ಬೆನ್ನಿಗೆ ಒಂದೂವರೆ ಮಿಲಿಮೀಟರ್ ಗಾಜು ಕತ್ತರಿಸಿ ಇಟ್ಟೆ. ಗಾಜು ಹಿಂದೆ, ಫಿಲ್ಮು ಮುಂದೆ. ಹಳೇ ಪ್ಲೇಟಿನ ಎಮಲ್ಷನ್ (ಬೆಳಕು ಹಿಡಿಯುವ ಪದರ) ನಿಲ್ಲುತ್ತಿದ್ದ ಜಾಗದಲ್ಲೇ ಫಿಲ್ಮು ನಿಲ್ಲುತ್ತದೆ, ಫೋಕಸ್ ತಪ್ಪುವುದಿಲ್ಲ. ಗಾಜಿಗೆ ಕಪ್ಪು ಬಣ್ಣ ಬಳಿಯಲೇಬೇಕು.

ಇನ್ನು ನನ್ನ ಆರು ತಿಂಗಳು ತಿಂದ ವಿಷಯ. ಲೆನ್ಸು ಹಿತ್ತಾಳೆಯ ರ‍್ಯಾಪಿಡ್ ರೆಕ್ಟಿಲಿನಿಯರ್, ಹಳೇ ಕಾಲದ ಒಂದು ಮಾದರಿ. ಬೂಸು ಒರೆಸಿದ ಮೇಲೆ ಕನ್ನಡಿಯ ಹಾಗೆ ಹೊಳೆಯಿತು. ಲೆನ್ಸಿನ ತೂತನ್ನು ಹಿರಿದು ಕಿರಿದು ಮಾಡುವ ಉಂಗುರದ ಮೇಲೆ 4, 8, 16, 32, 64 ಅಂತ ಇತ್ತು. ಈಗಿನ ಎಫ್ ನಂಬರು ಅಂದುಕೊಂಡೆ; ನಂಬರು ಏರಿದಷ್ಟು ತೂತು ಸಣ್ಣದು. ಲೈಟ್ ಮೀಟರ್ ಹಿಡಿದು, ಫಿಲ್ಮು ಬೆಳಕು ಹಿಡಿಯುವ ವೇಗವನ್ನು 50 ಐಎಸ್‌ಒ ಅಂತ ಲೆಕ್ಕ ಹಾಕಿ, ಕ್ಯಾಪ್ ತೆಗೆದು ಹಾಕಿ ಎಕ್ಸ್‌ಪೋಸ್ ಮಾಡಿದೆ. 4ರಲ್ಲಿ ತೆಗೆದರೆ ನೆಗೆಟಿವ್ ನೀರಿನ ಹಾಗೆ ತೆಳು. 32ರಲ್ಲಿ ತೆಗೆದರೆ ಕಾವಲಿಯ ಹಾಗೆ ಕಪ್ಪು. ಫಿಲ್ಮು ಹಳತು ಅಂದುಕೊಂಡೆ. ಡೆವಲಪರ್ ಬದಲಿಸಿದೆ. ಇನ್ನೊಂದು ಪೆಟ್ಟಿಗೆ ಫಿಲ್ಮು ತಂದೆ. ಕಡಿಮೆ ಎಂದರೂ ನಲವತ್ತು ಹಾಳೆ ಹಾಳು. ಒಂದು ದಿನ ಬೇಜಾರಿನಲ್ಲಿ ಸ್ಕೇಲ್ ಹಿಡಿದು ಅಳೆದೆ. ಲೆನ್ಸಿನ ಫೋಕಲ್ ಲೆಂತ್ ಎಂಟು ಇಂಚು. ಪೂರ್ತಿ ತೆರೆದಾಗ ತೂತು ಒಂದೇ ಇಂಚು. ಎಂಟನ್ನು ಒಂದರಿಂದ ಭಾಗಿಸಿದರೆ ಎಫ್ 8. ಉಂಗುರದಲ್ಲಿ 4!

ಅದು ಹಳೇ ಯುಎಸ್ ನಂಬರು, ಯೂನಿಫಾರ್ಮ್ ಸಿಸ್ಟಮ್. 1881ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಂದದ್ದು. ಅದರ 4 ನಮ್ಮ ಎಫ್ 8, ಅದರ 8 ನಮ್ಮ 11, ಅದರ 32 ನಮ್ಮ 22, ಅದರ 64 ನಮ್ಮ 32. ಎರಡರಲ್ಲೂ ಒಂದೇ ಆಗಿರುವುದು 16 ಮಾತ್ರ. 4ರಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಕಡಿಮೆ ಕೊಡುತ್ತಿದ್ದೆ, 32ರಲ್ಲಿ ಒಂದು ಸ್ಟಾಪ್ ಜಾಸ್ತಿ. ನಿಮ್ಮ ಹಳೇ ಲೆನ್ಸಿನಲ್ಲಿ ಹೀಗೆ ದುಪ್ಪಟ್ಟು ದುಪ್ಪಟ್ಟಾಗಿ ಏರುವ ನಂಬರಿದ್ದರೆ ಮೊದಲು ಸ್ಕೇಲ್ ಹಿಡಿಯಿರಿ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ.

ಡೆವಲಪ್ ಮಾಡುವುದು ಬಚ್ಚಲುಮನೆಯಲ್ಲಿ, ರಾತ್ರಿ. ಕೆಂಪು ಬಣ್ಣ ಬಳಿದ ಝೀರೋ ಬಲ್ಬು ನಂಬಬೇಡಿ. ಅದರಡಿ ಫಿಲ್ಮಿನ ಮೇಲೆ ನಾಣ್ಯ ಇಟ್ಟು ಐದು ನಿಮಿಷ ಬಿಟ್ಟು ಡೆವಲಪ್ ಮಾಡಿದರೆ ನಾಣ್ಯದ ಗುರುತು ಗುಂಡಗೆ ಬಂತು. ಕೆಂಪು ಎಲ್‌ಇಡಿ ಹಾಕಿದ ಮೇಲೆ ಸರಿಯಾಯಿತು. ಎಕ್ಸ್‌ರೇ ಫಿಲ್ಮಿಗೆ ಎರಡೂ ಬದಿ ಎಮಲ್ಷನ್, ಒದ್ದೆಯಾದಾಗ ಬೆಣ್ಣೆಯಷ್ಟು ಮೆದು. ಏಪ್ರಿಲಿನಲ್ಲಿ ನಮ್ಮ ಟ್ಯಾಂಕಿನ ನೀರು 30 ಡಿಗ್ರಿ ದಾಟುತ್ತದೆ. ಆಗ ಅಂಚಿನಿಂದ ಜೆಲಾಟಿನ್ ಏಳುತ್ತದೆ. ಬೆಳಗಿನ ಜಾವ ಬಾವಿಯಿಂದ ಸೇದಿದ ನೀರು, ಟ್ರೇಯ ತಳಕ್ಕೆ ಒಂದು ಗಾಜು, ಒಂದು ಸಲಕ್ಕೆ ಒಂದೇ ಹಾಳೆ. ಡೆವಲಪರಿನಿಂದ ತೆಗೆದು ವಿನೆಗರ್ ನೀರಿಗೆ ಅದ್ದಿ, ಆಮೇಲೆ ಪಟಿಕದ ನೀರು, ಆಮೇಲೆ ಚಿತ್ರ ಉಳಿಸುವ ಹೈಪೋ. ಪಟಿಕ ಸೇರಿಸಿದ ಮೇಲೆ ಗೀರು ಬೀಳುವುದು ಬಹುಪಾಲು ನಿಂತಿತು. ಡೆವಲಪರನ್ನು ಎಷ್ಟು ತೆಳು ಮಾಡುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮಾಮೂಲಿಗಿಂತ ತುಂಬಾ ತೆಳು ಅಂತ ಮಾತ್ರ ತಿಳಿಯಿರಿ.

ಈ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಕೆಂಪು ಮುರಕಲ್ಲಿನ ಗೋಡೆ ಕಪ್ಪಾಗಿ ಬರುತ್ತದೆ. ನಮ್ಮ ಕಡೆ ಯಾವ ಮನೆಗೆ ಹೋದರೂ ಹಿನ್ನೆಲೆಗೆ ಪರದೆ ಬೇಡ. ಒಮ್ಮೆ ಯಕ್ಷಗಾನದ ಚೌಕಿಯ (ಬಣ್ಣ ಹಚ್ಚುವ ಜಾಗದ) ಹೊರಗೆ ಸಂಜೆ ಬೆಳಕಿನಲ್ಲಿ ರಾಕ್ಷಸ ಪಾತ್ರದ ಒಬ್ಬ ಬಣ್ಣದ ವೇಷದವರನ್ನು ತೆಗೆದೆ. ಮುಖದ ಕೆಂಪೆಲ್ಲ ಕಪ್ಪು, ನಡುವೆ ಹಿಟ್ಟಿನಲ್ಲಿ ಇಟ್ಟ ಬಿಳಿ ಚುಟ್ಟಿ ಎದ್ದು ನಿಂತಿತು. ಹಳೇ ಮನೆಗಳಲ್ಲಿ ಕಟ್ಟು ಹಾಕಿಟ್ಟ ಫೋಟೋಗಳಲ್ಲಿ ವೇಷದ ಮುಖ ಯಾಕೆ ಅಷ್ಟು ಕಪ್ಪು ಅಂತ ಆವತ್ತು ಗೊತ್ತಾಯಿತು.

ಪ್ರಿಂಟಿಗೆ ಬ್ರೋಮೈಡ್ ಪೇಪರಿನ ಬೆಲೆ ಕೇಳಿ ಕೈಬಿಟ್ಟೆ. ಬಿಸಿಲಿನಲ್ಲಿ ಸಯನೋಟೈಪ್ ಅನ್ನುವ ನೀಲಿ ಪ್ರಿಂಟು ಮಾಡುತ್ತೇನೆ. ನೀಲಿ ನನಗೆ ಹಿಡಿಸಲಿಲ್ಲ. ಚಹಾದ ನೀರಲ್ಲಿ ಕಂದು ಮಾಡುತ್ತಾರಲ್ವಾ, ನಮ್ಮಲ್ಲಿ ಅಡಿಕೆ ಇರುವಾಗ ಚಹಾ ಯಾಕೆ? ಎಳೆ ಅಡಿಕೆ ಬೇಯಿಸಿ ಚೊಗರು (ಅದರ ಒಗರು ನೀರು) ತೆಗೆದೆ. ಪ್ರಿಂಟನ್ನು ಮೊದಲು ವಾಷಿಂಗ್ ಸೋಡಾದಲ್ಲಿ ಹಳದಿಯಾಗುವವರೆಗೆ ಬಿಟ್ಟು, ತೊಳೆದು, ಚೊಗರಿಗೆ ಹಾಕಿದೆ. ಒಂದು ಗಂಟೆಯಲ್ಲಿ ಕಪ್ಪು ಮಿಶ್ರಿತ ಕಂದು ಬಂತು. ಕಾಗದದ ಬಿಳಿಯೂ ಸ್ವಲ್ಪ ಕೆಂಪಗಾಗುತ್ತದೆ, ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಒಟ್ಟು ಖರ್ಚು ಹಾಳಾದ ಫಿಲ್ಮು ಸೇರಿ ಹತ್ತು ಸಾವಿರದ ಆಚೀಚೆ.

ಅಪ್ಪಚ್ಚಿಯ ಫೋಟೋಕ್ಕೆ ಯುಎಸ್ 32ರಲ್ಲಿ ನಾಲ್ಕು ಸೆಕೆಂಡು ಕೊಟ್ಟೆ. ಮೋಡದ ಬೆಳಕು, ಜಗಲಿಯ ನೆರಳು. ಅವರು ಕಂಬಕ್ಕೆ ತಲೆ ಆನಿಸಿ ಅಲ್ಲಾಡದೆ ಕೂತರು. ಹಿಂದಿನ ಅಡಿಕೆ ಸೋಗೆ ಮಾತ್ರ ಗಾಳಿಗೆ ಮಂಜಾಗಿದೆ. ಎಲೆ ಅಡಿಕೆ ಹಾಕಿದ ತುಟಿ ಕಪ್ಪಾಗಿ ಬಂದದ್ದು ಅವರಿಗೆ ಸರಿ ಕಾಣಲಿಲ್ಲ. ಪ್ರಿಂಟನ್ನು ಕಿಟಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ನಾಳೆ ಬಾಯಿ ತೊಳೆದು ಬರುತ್ತೇನೆ, ಇನ್ನೊಂದು ತೆಗೆ ಅಂದರು.