ಹೊಸ ಅಕ್ವೇರಿಯಂಗೆ ಹಳೇ ಮರಳು: ಮೇಲಿನ ಒಂದಿಂಚು ಸಾಕು

ಎರಡಡಿ ಅಕ್ವೇರಿಯಂ ಚಿಕ್ಕದಾಯಿತು, ಮೂರಡಿಯದು ಮನೆಗೆ ಬಂತು. ಹಳೇ ಮರಳನ್ನೇ ಹಾಕಬಹುದಾ? ಹಾಕಬಹುದು, ಆದರೆ ಸುಮ್ನೆ ಅನಾಮತ್ತಾಗಿ ಸುರಿಯಬೇಡಿ. ಮೀನಿನ ಹಿಕ್ಕೆಯಿಂದ ಹುಟ್ಟುವ ವಿಷ ಅಮೋನಿಯಾ, ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಹಾಗಾಗಿ ಅವು ಮರಳಿನ ಮೇಲ್ಪದರದಲ್ಲಿರುತ್ತವೆ. ಅದಕ್ಕಿಂತ ಜಾಸ್ತಿ ಇರುವುದು ಫಿಲ್ಟರ್ ಸ್ಪಂಜಿನಲ್ಲಿ. ತಳದಲ್ಲಿ ಸಿಗುವುದು ಕೊಳೆತ ಆಹಾರ ಮತ್ತು ಹಿಕ್ಕೆ.

ಮೊದಲು ಮೀನು ತೆಗೆಯಿರಿ, ಆಮೇಲೆ ಮರಳು ಮುಟ್ಟಿ. ಪೈಪ್ ಹಾಕಿ ಹಳೇ ನೀರನ್ನು ಬಕೆಟ್‌ಗಳಿಗೆ ಇಳಿಸಿ. ಒಂದರಲ್ಲಿ ಮೀನು, ಏರ್ ಪಂಪ್, ಮೇಲೊಂದು ತಟ್ಟೆ. ಹೆದರಿದ ಮೀನು ಹೊರಗೆ ಹಾರುತ್ತದೆ. ಸ್ಪಂಜ್ ಕೂಡ ಅದೇ ನೀರಿನಲ್ಲಿರಲಿ, ಒಣಗಬಾರದು.

ಅಕ್ವೇರಿಯಂನಲ್ಲಿ ಎರಡು ಬೆರಳಷ್ಟು ನೀರು ಉಳಿದಾಗ, ಸೋಪು ತಾಗದ ಪ್ಲಾಸ್ಟಿಕ್ ಮೊರದಿಂದ ಮೇಲಿನ ಒಂದಿಂಚು ಮರಳನ್ನು ಮೆಲ್ಲಗೆ ಕೆರೆದು ಬೇರೆ ಬಕೆಟ್‌ಗೆ ಹಾಕಿ. ಹಳೇ ನೀರಿನಲ್ಲೇ ಎರಡು ಮೂರು ಸಲ ಕೈಯಾಡಿಸಿ, ಕದಡಿದ್ದನ್ನು ಚೆಲ್ಲಿ. ಇದಕ್ಕೆ ನಲ್ಲಿ ನೀರು ಬೇಡ, ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಕೆಳಗಿನ ಮರಳಿನಲ್ಲಿ ಕಪ್ಪು ಕಲೆ ಕಂಡರೆ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಈ ಮರಳನ್ನು ನಲ್ಲಿ ಕೆಳಗೆ ಅಕ್ಕಿ ತೊಳೆದಂತೆ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಬೇಜಾರಾದರೆ ಗಿಡದ ಬುಡಕ್ಕೆ ಹಾಕಿ. ಅಂದ ಹಾಗೆ, ಕೆಲಸ ಬೇಗ ಮುಗಿಯಲಿ ಅಂತ ಅಕ್ವೇರಿಯಂ ಅನ್ನು ಮರಳಿನ ಸಮೇತ ಎತ್ತಬೇಡಿ, ತಳದ ಗಾಜು ಬಿರಿಯಬಹುದು.

90×45 ಸೆಂ.ಮೀ. ತಳಕ್ಕೆ 5 ಸೆಂ.ಮೀ. ದಪ್ಪ ಮರಳು ಬೇಕಾದರೆ ಸುಮಾರು 30 ಕೆ.ಜಿ. ಹಿಡಿಯುತ್ತದೆ. ಹಳೇದು ಅದರ ಅರ್ಧವೂ ಇರಲಾರದು. ಕೊರತೆ ತುಂಬಲು ಮನೆ ಕಟ್ಟುವ ಎಂ-ಸ್ಯಾಂಡ್ ತರಬೇಡಿ. ಅದರ ಚೂಪು ಅಂಚಿಗೆ ಕೋರಿಡೋರಾಸ್‌ನಂಥ ಮೀನುಗಳ ಮೀಸೆ ಗಾಯವಾಗಬಹುದು. ಹೊಳೆ ಮರಳಾದರೆ ಜರಡಿ ಹಿಡಿದು, ಚಮಚದಷ್ಟಕ್ಕೆ ವಿನೆಗರ್ ಬಿಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ ಅಂತ, ನೀರು ಗಡಸಾಗುತ್ತದೆ.

ತೊಳೆದ ಮರಳು ಅಡಿಗೆ, ಒಂದಿಂಚಿನ ಹಳೇ ಮರಳು ಮೇಲೆ. ಅದರ ಮೇಲೆ ತಟ್ಟೆಯಿಟ್ಟು ನೀರು ಬಿಡಿ, ಕದಡುವುದಿಲ್ಲ. ನಲ್ಲಿ ನೀರಿಗೆ ಆಂಟಿ-ಕ್ಲೋರಿನ್ ಮರೆಯಬೇಡಿ. ಹಳೇ ಸ್ಪಂಜ್ ಹಾಕಿ ಫಿಲ್ಟರ್ ಶುರು ಮಾಡಿ. ಎರಡೂ ನೀರಿನ ಬಿಸಿ ಹೊಂದಿಕೊಂಡ ಮೇಲೆ ಅವತ್ತೇ ಮೀನು ಬಿಡಬಹುದು. ಅಂಗಡಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಬಾಟಲಿ? ಪಳಗಿದ ಸ್ಪಂಜ್ ಇದ್ದವರಿಗೆ ಅದು ದಂಡದ ಖರ್ಚು.

ಎರಡು ವಾರ ಆಹಾರ ಕಡಿಮೆ ಹಾಕಿ. ದಿನ ಬಿಟ್ಟು ದಿನ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ನೋಡಿ. ಬಣ್ಣ ಸ್ವಲ್ಪ ತಿರುಗಿದರೂ ಕಾಲು ಭಾಗ ನೀರು ಬದಲಿಸಿ.