ಕೆಂಚ ಎಡಕ್ಕೆ ವಾಲಿದ ದಿನಗಳು

ನಮ್ಮ ನಾಯಿ ಕೆಂಚನಿಗೆ ಆಗ 13 ವರ್ಷ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವನು. ಜುಲೈ ತಿಂಗಳ ಒಂದು ಬೆಳಿಗ್ಗೆ ಜಗಲಿಯಿಂದ ಏಳಲು ಹೋದವನು ಎಡಕ್ಕೆ ಧೊಪ್ಪನೆ ಬಿದ್ದ. ಮತ್ತೆ ಎದ್ದ, ಮತ್ತೆ ಎಡಕ್ಕೇ ಬಿದ್ದ. ತಲೆ ಒಂದು ಕಡೆ ವಾಲಿತ್ತು. ಕಣ್ಣುಗುಡ್ಡೆಗಳು ಅತ್ತಿಂದಿತ್ತ ಸುಮ್ನೆ ಓಡುತ್ತಲೇ ಇದ್ದವು. ಜೊತೆಗೆ ವಾಂತಿ.

"ಲಕ್ವ ಹೊಡ್ದಿದೆ ಕಣಪ್ಪ. ನರಳಿಸ್ಬೇಡ, ಒಂದು ಇಂಜೆಕ್ಷನ್ ಕೊಡಿಸಿಬಿಡು" ಅಂದರು ಪಕ್ಕದ ತೋಟದ ಮಾವ. ಅವರೂ ನಾಯಿ ಸಾಕಿದವರೇ, ಕನಿಕರದಿಂದಲೇ ಹೇಳಿದ್ದು. ನನಗೂ ಹಾಗೇ ಅನ್ನಿಸಿತ್ತು. ಆದರೂ ತೋರಿಸದೆ ತೀರ್ಮಾನ ಮಾಡಲು ಮನಸ್ಸು ಬರಲಿಲ್ಲ. ಅಮ್ಮ ಅವನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಜೀಪಿನಲ್ಲಿ ಕುಳಿತರು. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋದೆವು.

ಡಾಕ್ಟ್ರು ಮೊದಲು ಕಣ್ಣು ನೋಡಿದರು. ಗುಡ್ಡೆ ಪಕ್ಕಕ್ಕೆ ಓಡುತ್ತಿದೆಯೋ, ಮೇಲೆ ಕೆಳಗೆ ಓಡುತ್ತಿದೆಯೋ ಅಂತ. ಮೇಲೆ ಕೆಳಗೆ ಆದರೆ ಮಿದುಳಿನ ಮೇಲೆ ಅನುಮಾನ ಜಾಸ್ತಿಯಂತೆ. ಆಮೇಲೆ ಕೆಂಚನನ್ನು ಹಿಡಿದು ನಿಲ್ಲಿಸಿ, ಒಂದು ಪಂಜ ಮಡಿಸಿ ಅದರ ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಟ್ಟರು. ಕೆಂಚ ತಕ್ಷಣ ಪಂಜ ತಿರುಗಿಸಿ ಸರಿಯಾಗಿ ಊರಿದ. ನಾಲ್ಕು ಕಾಲಲ್ಲೂ ಹಾಗೇ ಮಾಡಿದ. "ಇದು ಒಳ್ಳೆ ಲಕ್ಷಣ, ಮಿದುಳಿನ ತೊಂದರೆ ಇರಲಿಕ್ಕಿಲ್ಲ" ಅಂದರು. ಒಳಕಿವಿಯಲ್ಲಿ ಸಮತೋಲನ ಕಾಯುವ ಭಾಗ ಇದೆಯಲ್ಲ, ವಯಸ್ಸಾದ ನಾಯಿಗಳಲ್ಲಿ ಅದು ಕಾರಣವೇ ಗೊತ್ತಾಗದೆ ಹೀಗೆ ಏಕಾಏಕಿ ಕೈಕೊಡುವುದುಂಟು. ವೆಸ್ಟಿಬ್ಯುಲರ್ ತೊಂದರೆ ಅನ್ನುತ್ತಾರೆ. ಹೆಚ್ಚಿನವು ತಾವಾಗಿಯೇ ಸುಧಾರಿಸುತ್ತವೆ. ಕಿವಿಯೊಳಗೆ ಸೋಂಕಿದೆಯಾ ಅಂತ ನೋಡಿದರು. ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆದರು. ಕಿವಿಗೆ ಯಾವ ಡ್ರಾಪ್ಸ್ ಹಾಕಿದ್ದೀರಿ, ಭೇದಿಗೆ ಯಾವ ಮಾತ್ರೆ ಕೊಟ್ಟಿದ್ದೀರಿ ಅಂತಲೂ ಕೇಳಿದರು. ಕೆಲವು ಔಷಧಿಯಿಂದಲೂ ಹೀಗಾಗುತ್ತದಂತೆ. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮನುಷ್ಯರ ತಲೆಸುತ್ತಿನ ಮಾತ್ರೆಯನ್ನು ಡಾಕ್ಟ್ರನ್ನು ಕೇಳದೆ ನಾಯಿಗೆ ಕೊಡಲೇಬಾರದು.

ನಿಜವಾದ ಕೆಲಸ ಇದ್ದದ್ದು ಮನೆಯಲ್ಲಿ. ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲ, ಕನ್ನಡಿ ಹಾಗೆ ನುಣುಪು. ತಲೆ ಸುತ್ತುವ ಪ್ರಾಣಿಗೆ ಕಾಲೂ ಜಾರಿದರೆ ಹೆದರಿಕೆ ಇಮ್ಮಡಿ. ಕಾಫಿ ತುಂಬುವ ಗೋಣಿಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು ನಡುಮನೆಯಿಂದ ಹಿಂಬಾಗಿಲವರೆಗೂ ಹಾಸಿದೆ. ಗೋಣಿ ಮೇಲೆ ಉಗುರು ಸಿಕ್ಕಿಸಿ ನಿಂತಾಗ ಅವನ ನಡುಕ ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತಿತ್ತು. ಮೆಟ್ಟಿಲಿಗೆ ಬೆಂಚು ಅಡ್ಡ ಇಟ್ಟೆವು. ರಾತ್ರಿ ದೀಪ ಆರಿಸಲಿಲ್ಲ. ಕಿವಿ ಕೈಕೊಟ್ಟಾಗ ಕಣ್ಣೇ ಅವನಿಗೆ ಆಧಾರ, ಕತ್ತಲಾದರೆ ಅದೂ ಇಲ್ಲ ಅಲ್ವಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನಂಬುವ ಹಾಗಿಲ್ಲ, ಚಾರ್ಜಿಂಗ್ ಲೈಟ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಮೊದಲ ದಿನ ಪ್ರೀತಿಗೆ ಅವನನ್ನು ಎತ್ತಿಕೊಂಡು ಓಡಾಡಿದ್ದು ನನ್ನ ತಪ್ಪು. ಕಾಲು ನೆಲ ಬಿಟ್ಟ ಕೂಡಲೇ ಗಾಬರಿಯಿಂದ ಒದ್ದಾಡುತ್ತಿದ್ದ. ಆಮೇಲೆ ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ, ಎರಡೂ ತುದಿ ಹಿಡಿದು, ಅವನ ಕಾಲಲ್ಲೇ ಅಂಗಳಕ್ಕೆ ನಡೆಸಿದೆ. ಅನ್ನದ ಗಂಜಿಗೆ ಬೇಯಿಸಿದ ಕೋಳಿ ಹಿಸುಕಿ, ಈರುಳ್ಳಿ ಬೆಳ್ಳುಳ್ಳಿ ಸೋಕಿಸದೆ, ಅಮ್ಮ ಕೈಯಲ್ಲೇ ತಿನ್ನಿಸಿದರು. ಮಲಗಿಸಿಕೊಂಡು ತಿನ್ನಿಸಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಎದೆ ಎತ್ತರಿಸಿ ಕೂರಿಸಿಯೇ ನೀರು ಕೂಡ.

ಮೂರನೇ ದಿನ ಕಣ್ಣಿನ ಓಟ ನಿಂತಿತು. ಐದನೇ ದಿನ ತಾನೇ ತಟ್ಟೆಗೆ ಬಾಯಿ ಹಾಕಿದ. ಎರಡು ವಾರಕ್ಕೆ ಕಣದವರೆಗೆ ಒಬ್ಬನೇ ನಡೆದ.

ತಲೆ ಈಗಲೂ ಸ್ವಲ್ಪ ಎಡಕ್ಕೇ ವಾಲಿದೆ. ಮಳೆಯಲ್ಲಿ ನೆನೆದು ಬಂದು ಮೈ ಕೊಡವಿದರೆ ಆಯ ತಪ್ಪುತ್ತದೆ. ಅದಕ್ಕೇ ಬಾಗಿಲಲ್ಲಿ ಒಂದು ಹಳೆ ಪಂಚೆ ತೂಗುಹಾಕಿದ್ದೇವೆ. ಅವನು ಕೊಡವುವ ಮೊದಲೇ ಅಮ್ಮ ಹೋಗಿ ಒರೆಸುತ್ತಾರೆ, ಅವನೂ ನಿಂತು ಕಾಯುತ್ತಾನೆ.