ಬೂಟುಗಳ ರಾಶಿಯ ಮುಂದೆ

ಸಮುದ್ರದ ತಳದಲ್ಲಿ ಮುಳುಗಿರುವ ಹಡಗೊಂದರ ಸರಕು ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಮೊದಲು ಸಿಕ್ಕಿದ್ದು ರಬ್ಬರ್ ಬೂಟುಗಳ ರಾಶಿ. ಹೂಳಿನಲ್ಲಿ ಅರ್ಧ ಹುದುಗಿದ್ದ ಒಂದು ಬೂಟಿನ ಅಟ್ಟೆಯ ಗೆರೆಗಳು ಇನ್ನೂ ಸವೆಯದೆ ಉಳಿದಿದ್ದವು. ಹತ್ತಿರದಿಂದ ನೋಡಲು ಬಾಗಿದೆ. ಹಿಂದೆ ನನ್ನ ಕಾಲಿಗೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್, ಒಮ್ಮೆ ನೆಲಕ್ಕೆ ಬಡಿಯಿತು. ಎರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬೂಟೂ ಇಲ್ಲ, ಗೋಡೆಯೂ ಇಲ್ಲ. ಕಂದು ಬಣ್ಣದ ಮಬ್ಬು ಮಾತ್ರ. ಟಾರ್ಚು ಎತ್ತಿದರೆ ಆ ಮಬ್ಬೇ ಕಣ್ಣಿಗೆ ಹೊಡೆಯುತ್ತಿತ್ತು. ಮಾರ್ಗದರ್ಶಕರು ನನ್ನ ಮುಂಗೈ ಹಿಡಿದು ಹೊರಗೆ ಕರೆತಂದರು. ನಮ್ಮ ಹಿಂದೆಯೇ ಬರುತ್ತಿದ್ದ ನಾಲ್ವರಿಗೆ ಆ ಕೋಣೆಯಲ್ಲಿ ಏನೂ ಕಾಣಲಿಲ್ಲ. ದೋಣಿಗೆ ಮರಳಿದ ಮೇಲೆ ಅವರು ಯಾರೂ ನನ್ನನ್ನು ದೂರಲಿಲ್ಲ. ಆದರೂ ಅದು ಬಹಳ ದಿನ ನನ್ನನ್ನು ಕಾಡಿತು.

ಆ ಹಡಗು ಎಸ್‌ಎಸ್ ಥಿಸಲ್‌ಗಾರ್ಮ್. ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ 1940ರಲ್ಲಿ ನೀರಿಗಿಳಿದ ಸರಕು ಹಡಗು. ಉತ್ತರ ಆಫ್ರಿಕಾದಲ್ಲಿದ್ದ ಬ್ರಿಟಿಷ್ ಸೇನೆಗೆ ಲಾರಿ, ಮೋಟಾರ್‌ಸೈಕಲ್, ಬಂದೂಕು, ಮದ್ದುಗುಂಡು ಹೊತ್ತು ಗ್ಲಾಸ್ಗೊದಿಂದ ಹೊರಟು, ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಕೆಂಪು ಸಮುದ್ರಕ್ಕೆ ಬಂದಿತ್ತು. ಸೂಯೆಜ್ ಕಾಲುವೆಯ ಸರದಿ ಕಾಯುತ್ತ ಶಾಬ್ ಅಲಿ ಹವಳದ ದಿಬ್ಬದ ಬಳಿ ಲಂಗರು ಹಾಕಿದ್ದಾಗ, 1941ರ ಅಕ್ಟೋಬರ್ 6ರ ರಾತ್ರಿ, ಬೆಳಗಾಗುವ ಮುನ್ನ, ಜರ್ಮನ್ ಬಾಂಬರ್ ವಿಮಾನಗಳ ದಾಳಿಗೆ ಸಿಕ್ಕಿತು. ಮದ್ದುಗುಂಡು ಸಿಡಿದ ರಭಸಕ್ಕೆ ಡೆಕ್ಕಿನ ಮೇಲಿದ್ದ ಎರಡು ರೈಲು ಎಂಜಿನ್‌ಗಳು ಹಾರಿ ಸಮುದ್ರಕ್ಕೆ ಬಿದ್ದವು. ಒಂಬತ್ತು ಮಂದಿ ಸತ್ತರು. ಹಿಂಭಾಗ ಛಿದ್ರವಾದರೂ ಮುಂಭಾಗದ ಸರಕು ಕೋಣೆಗಳು ಉಳಿದುಕೊಂಡವು. ಇಂದು ನಾವು ಇಳಿಯುವುದು ಅವುಗಳೊಳಕ್ಕೆ.

ಮತ್ತೆ ಅಲ್ಲಿಗೆ ಹೋಗುವ ಮೊದಲು ಒಂದು ವರ್ಷ ಕಾಲಿನ ಕೆಲಸವನ್ನೇ ಕಲಿತೆ. ನಾನು ಮೊದಲು ಕಲಿತಿದ್ದು ಫಿನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರಮ. ತೆರೆದ ನೀರಿನಲ್ಲಿ ಅದು ಸರಿ, ಹಡಗಿನೊಳಗೆ ಅದರಷ್ಟು ಕೆಟ್ಟದ್ದಿಲ್ಲ. ಪ್ರತಿ ಬಡಿತವೂ ನೀರನ್ನು ಕೆಳಕ್ಕೆ ತಳ್ಳುತ್ತದೆ; ತುಕ್ಕಿನ ಪುಡಿ, ನುಣುಪು ಹೂಳು ಮೇಲೇಳುತ್ತದೆ; ಒಳಗೆ ಸೆಳವು ಇಲ್ಲದ ಕಾರಣ ಅದು ಬೇಗ ಹೊರಗೆ ಸಾಗಿಹೋಗುವುದಿಲ್ಲ. ಮಂಡಿ ಮಡಚಿ, ಪಾದಗಳನ್ನು ಬೆನ್ನಿಗಿಂತ ಮೇಲೆ ಇಟ್ಟು, ಕಪ್ಪೆಯ ಹಾಗೆ ನೀರನ್ನು ಹಿಂದಕ್ಕೆ ತಳ್ಳಬೇಕು. ಅದಕ್ಕಿಂತ ಕಷ್ಟದ್ದು ಸುಮ್ಮನೆ ನಿಲ್ಲುವುದು. ಈಜುಕೊಳದ ನೆಲದಿಂದ ಒಂದು ಗೇಣು ಮೇಲೆ, ಕೈಕಾಲು ಆಡಿಸದೆ, ಹತ್ತು ನಿಮಿಷ ಇರಬೇಕು. ಉಸಿರು ಎಳೆದರೆ ದೇಹ ತುಸು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಉಸಿರನ್ನು ಎಂದೂ ಹಿಡಿಯದೆ, ಬರೀ ಅದರ ಲಯದಿಂದ ಎತ್ತರ ಕಾಯುವುದು ನನಗೆ ದಕ್ಕಲು ತಿಂಗಳುಗಳೇ ಬೇಕಾದವು. ಸೊಂಟಕ್ಕೆ ಕಟ್ಟುತ್ತಿದ್ದ ಸೀಸದ ತೂಕದಲ್ಲಿ ಎರಡು ಕಿಲೋ ಕಳಚಿದ ಮೇಲೆಯೇ ದೇಹ ಅಡ್ಡಡ್ಡಲಾಗಿ ನಿಂತಿತು.

ಗಾಳಿಯ ಲೆಕ್ಕವನ್ನೂ ಬದಲಿಸಿದೆ. ಹಡಗಿನ ತಳ ಇರುವುದು ಸುಮಾರು 30 ಮೀಟರಿನಲ್ಲಿ. ಅಲ್ಲಿ ಒತ್ತಡ ಮೇಲಿನ ನಾಲ್ಕರಷ್ಟು, ಸಿಲಿಂಡರ್ ಖಾಲಿಯಾಗುವುದೂ ನಾಲ್ಕು ಪಟ್ಟು ಬೇಗ. ತಲೆಯ ಮೇಲೆ ಉಕ್ಕಿನ ಛಾವಣಿ ಇರುವಾಗ ನೇರ ಮೇಲೇರುವ ದಾರಿಯೂ ಇಲ್ಲ. ಹಾಗಾಗಿ ಗಾಳಿಯ ಮೂರು ಪಾಲಿನಲ್ಲಿ ಒಂದು ಹೋಗಲು, ಒಂದು ಬರಲು, ಉಳಿದದ್ದನ್ನು ಮುಟ್ಟುವಂತಿಲ್ಲ. ಮಾಮೂಲಿ ಗಾಳಿಯ ಬದಲು 32 ಶೇಕಡಾ ಆಮ್ಲಜನಕವಿರುವ ನೈಟ್ರಾಕ್ಸ್ ಎಂಬ ಅನಿಲ ಮಿಶ್ರಣ ಬಳಸಿದರೆ ಆ ಆಳದಲ್ಲಿ ಇರಬಹುದಾದ ಸಮಯ ಹೆಚ್ಚುತ್ತದೆ, ಆದರೆ ಅದರೊಂದಿಗೆ ಸುಮಾರು 33 ಮೀಟರಿಗಿಂತ ಕೆಳಗೆ ಹೋಗಬಾರದು. ಟಾರ್ಚು ಎರಡು ಇರಲೇಬೇಕು.

ಎರಡನೆಯ ಸಲ ಕತ್ತಲಿರುವಾಗಲೇ ಹೊರಟೆವು. ಸೆಳವು ಜೋರಾಗಿತ್ತು, ಇಳಿಯುವ ಹಗ್ಗವನ್ನು ಬಿಟ್ಟವರು ಬಾವುಟದಂತೆ ಅಡ್ಡ ಹಾರಿಬಿಡುತ್ತಿದ್ದರು. ಕೋಣೆಯ ಬಾಯಿ ದಾಟಿದ ಕೂಡಲೇ ಎಲ್ಲ ನಿಂತಿತು. ಲಾರಿಯ ಮೇಲೆ ಸಾಲಾಗಿ ನಿಲ್ಲಿಸಿದ ಮೋಟಾರ್‌ಸೈಕಲ್‌ಗಳು, ನಾರ್ಟನ್ ಮತ್ತು ಬಿಎಸ್‌ಎ. ಬೇರೆಡೆಗೆ ಹೋಗದೆ ಒಂದರ ಮುಂದೆಯೇ ನಿಂತೆ. ಟೈರಿನ ಉಬ್ಬುಗಳು ಇದ್ದವು. ಸೀಟು ಕೊಳೆತು ಹೋಗಿ ಸ್ಪ್ರಿಂಗಿನ ಸುರುಳಿ ಮಾತ್ರ ಉಳಿದಿತ್ತು, ಅದರ ನಡುವೆ ಒಂದು ಪುಟ್ಟ ಮೀನು. ಬೆಳಕು ಬೀಳುವ ತನಕ ಎಲ್ಲವೂ ನೀಲಿ ಬೂದು. ಟಾರ್ಚು ತಾಕಿದ್ದೇ ತುಕ್ಕಿನ ಕೆಂಪು ಹೊತ್ತಿಕೊಂಡಿತು. ಹ್ಯಾಂಡಲ್ ಇರಬೇಕಾದ ಕಡೆ ಏನೂ ಇರಲಿಲ್ಲ. ಅದು ಕೊಳೆತು ಹೋದದ್ದಲ್ಲ, ಯಾರೋ ಕಳಚಿ ಒಯ್ದದ್ದು. 1950ರ ದಶಕದಲ್ಲಿ ಫ್ರೆಂಚ್ ಸಾಗರ ಅನ್ವೇಷಕ ಕೂಸ್ಟೋ ಅವರ ತಂಡವೇ ಇಲ್ಲಿಂದ ಒಂದು ಮೋಟಾರ್‌ಸೈಕಲನ್ನೂ ಹಡಗಿನ ಗಂಟೆಯನ್ನೂ ಮೇಲೆತ್ತಿತ್ತು. ಆ ಕಾಲದ ರೂಢಿ ಅದಾಗಿತ್ತು ಎಂದುಕೊಂಡರೂ, ನೆನಪಿಗೆಂದು ಒಂದೊಂದೇ ಒಯ್ದವರನ್ನು ನನಗೆ ಕ್ಷಮಿಸಲಾಗುವುದಿಲ್ಲ. ಜನ ಸತ್ತ ಜಾಗದಿಂದ ಸಾಮಾನು ಒಯ್ಯುವುದು ಹೇಗೆ ಸಾಧ್ಯವೋ!

ಏನನ್ನೂ ಮುಟ್ಟದವರೂ ಹಡಗನ್ನು ಸವೆಸುತ್ತೇವೆ ಎಂಬುದು ನನಗೆ ತಡವಾಗಿ ತಿಳಿಯಿತು. ನಾವು ಬಿಡುವ ಗುಳ್ಳೆಗಳು ಛಾವಣಿಗೆ ಏರಿ ಗಾಳಿಯ ತೇಪೆಗಳಾಗಿ ನಿಲ್ಲುತ್ತವೆ. ಅಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಮೇಲಕ್ಕೆ ಬೆಳಕು ಹಾಯಿಸಿದಾಗ ಪಾದರಸ ಚೆಲ್ಲಿದಂತೆ ಹೊಳೆಯುವ ಆ ತೇಪೆಗಳು ಕಂಡವು. ಈಗ ಒಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇರುವುದಿಲ್ಲ. ಅಂದೂ ಎಂಟೇ ನಿಮಿಷಕ್ಕೆ ತಿರುಗಿದೆ.

ಹೊರಬರುವ ದಾರಿಯಲ್ಲಿ ಬೂಟುಗಳ ರಾಶಿ ಮತ್ತೆ ಸಿಕ್ಕಿತು. ಅದರ ಮೇಲಿಂದ ಒಂದು ಗೇಣು ಎತ್ತರದಲ್ಲಿ ದಾಟಿ, ಕೋಣೆಯ ಬಾಯಿಯಲ್ಲಿ ಹೊರಳಿ ನೋಡಿದೆ. ನಮ್ಮ ಹಿಂದಿನ ತಂಡ ಒಳಗೆ ಹೋಗುತ್ತಿತ್ತು. ಅವರ ಟಾರ್ಚುಗಳ ಬೆಳಕು ಆ ಬದಿಯ ಗೋಡೆಯವರೆಗೂ ತಡೆಯಿಲ್ಲದೆ ಹೋಗಿ ಬಿತ್ತು.